ತಿಪ್ಪೇಸ್ವಾಮಿಯ ಸ್ವಾಹಿಲಿ

ಹೊಳಲ್ಕೆರೆ

ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅದರಲ್ಲಿ ಪೌರನೀತಿಯ ಪಾಠಗಳನ್ನು ಮಕ್ಕಳು ಎಂದೂ ಇಷ್ಟಪಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವು ಅಷ್ಟಕ್ಕಷ್ಟೇ. ಇತಿಹಾಸದಲ್ಲಿ ಯುದ್ಧಗಳಿರುತ್ತವೆ, ಭೂಗೋಳದಲ್ಲಿ ಬಣ್ಣದ ನಕ್ಷೆಗಳಿರುತ್ತವೆ. ಪೌರನೀತಿಯಲ್ಲಿ ಇರುವುದು ಹಕ್ಕು, ಕರ್ತವ್ಯ ಮತ್ತು ಎರಡು ಅಂಕದ ಪ್ರಶ್ನೆಗಳು. ಹಾಗಾಗಿ ಕೀನ್ಯಾದಲ್ಲಿರುವ ತಮ್ಮ ತಿಪ್ಪೇಸ್ವಾಮಿ ಫೋನು ಮಾಡಿ, ಪೌರನೀತಿ ಹೇಳಿಕೊಡಲು ಬಾ ಎಂದಾಗ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಎಸ್ಸೆಸ್ಸೆಲ್ಸಿಯಲ್ಲಿ ಅವನು ಫೇಲಾದ ಒಂದೇ ವಿಷಯ ಅಕ್ಕನ ವಿಷಯ.

ಅವನು ಬೋರ್‌ವೆಲ್ ಕೊರೆಯುವವನು. ಹಿರಿಯೂರಿನಲ್ಲಿ ಬೋರ್ ಲಾರಿಗೆ ಹೆಲ್ಪರ್ ಆಗಿ ಸೇರಿ, ಆಪರೇಟರ್ ಆಗಿ, ಯಾರದೋ ರಿಗ್, ಅಂದರೆ ಕೊರೆಯುವ ಯಂತ್ರ, ಹಡಗಿನಲ್ಲಿ ಮೊಂಬಾಸಕ್ಕೆ ಹೋದಾಗ ಅದರ ಹಿಂದೆಯೇ ಹೋದ. ಹೋದವನು ಅಲ್ಲೇ ಉಳಿದ. ಐಮಂಗಲದ ಗಿರಿಜೆಯನ್ನು ಮದುವೆಯಾಗಿ ಕರೆದುಕೊಂಡು ಹೋದ. ಈಗ ಅವನದೇ ರಿಗ್ ಇದೆ. ಮಗಳು ಅಲ್ಲೇ ನರ್ಸಿಂಗ್ ಓದುತ್ತಿದ್ದಾಳೆ. ಆದರೆ ಇದೆಲ್ಲ ನಿಂತಿರುವುದು ಕೆಲವು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಒಂದು ಪರ್ಮಿಟ್ಟಿನ ಮೇಲೆ. ಹಿಂದಿನ ಸಲ ಅದು ತಡವಾಗಿ, ರಿಗ್ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತಂತೆ. ಆಗಲೇ ಗಂಡ ಹೆಂಡತಿ ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕಿದ್ದು. ಅಲ್ಲಿನ ಕಾನೂನು ಇಷ್ಟನ್ನು ಕೇಳುತ್ತದೆ: ಇಂತಿಷ್ಟು ವರ್ಷ ವಾಸವಿರಬೇಕು, ಸ್ವಾಹಿಲಿಯಾಗಲಿ ಸ್ಥಳೀಯ ನುಡಿಯಾಗಲಿ ಮಾತಾಡಿ ಅರ್ಥಮಾಡಿಕೊಳ್ಳಬೇಕು, ದೇಶದ ಬಗ್ಗೆ ಮತ್ತು ಪ್ರಜೆಯ ಹಕ್ಕು ಕರ್ತವ್ಯಗಳ ಬಗ್ಗೆ ತಿಳಿದಿರಬೇಕು. ಸಂದರ್ಶನಕ್ಕೆ ಕರೆ ಬಂದಿತ್ತು.

"ಭಾಷೆ ಬಿಡು, ನನಗೆ ನೀರು ಕುಡಿದಂಗೆ ಐತೆ," ಎಂದ ತಮ್ಮ. "ಆ ಹಕ್ಕು ಗಿಕ್ಕು ನೀನೇ ಬಂದು ತಲೆಗೆ ತುಂಬಬೇಕು."

ನಾನು ಹೊರಟೆ. ಪಾಸ್‌ಪೋರ್ಟಿನಲ್ಲಿ ಅಲ್ಲಿಯವರೆಗೆ ಒಂದೂ ಮೊಹರು ಬಿದ್ದಿರಲಿಲ್ಲ.

ನೈರೋಬಿಯಿಂದ ಮಚಾಕೋಸ್‌ಗೆ

ಊರಿನಿಂದ ರಾಗಿಹಿಟ್ಟು ಕಟ್ಟಿಕೊಂಡು ಹೋಗಿದ್ದೆ. ಅದಕ್ಕಾಗಿ ಬೆಂಗಳೂರಿನ ತೂಕದ ಯಂತ್ರದ ಮುಂದೆ ಎರಡು ರೇಷ್ಮೆ ಸೀರೆ ಬಿಚ್ಚಿ, ಬೀಳ್ಕೊಡಲು ಬಂದವರ ಕೈಗೆ ಕೊಡಬೇಕಾಯಿತು. ನೈರೋಬಿಯಲ್ಲಿ ತಪಾಸಣೆಯ ಹೆಂಗಸು ಗಂಟು ಬಿಚ್ಚಿಸಿದಳು. ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, ಪಕ್ಕದವಳಿಗೆ ತೋರಿಸಿ "ವಿಂಬಿ" ಎಂದಳು. ಇಬ್ಬರೂ ನಕ್ಕರು. ಮರುದಿನ ಸಂತೆಗೆ ಹೋದಾಗ ಅವರು ನಕ್ಕದ್ದೇಕೆಂದು ತಿಳಿಯಿತು. ಅಲ್ಲಿ ವಿಂಬಿ, ಅಂದರೆ ರಾಗಿಯೇ, ರಾಶಿ ರಾಶಿಯಾಗಿ ಬಿದ್ದಿತ್ತು. ನಮ್ಮದಕ್ಕಿಂತ ಕೆಂಪು, ಕಲ್ಲು ಕಡಿಮೆ. ಬೆಳಿಗ್ಗೆ ಅದರ ಗಂಜಿ ಕುಡಿದೇ ಜನ ಕೆಲಸಕ್ಕೆ ಹೋಗುತ್ತಾರೆ. ನಾನು ಸಮುದ್ರ ದಾಟಿಸಿ ತಂದದ್ದು ಅವರ ಮನೆಯ ಅಂಬಲಿಯನ್ನು.

ಮುದ್ದೆಯೂ ಇದೆ. ಅವರ ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಆದರೆ ಅವರು ಮುದ್ದೆಯನ್ನು ಅಗಿಯುತ್ತಾರೆ. ನಾನು ನಮ್ಮ ಕಡೆಯಂತೆ ಒಂದು ತುತ್ತು ಮುರಿದು, ಸೊಪ್ಪಿನ ಪಲ್ಯಕ್ಕೆ ಅದ್ದಿ ನುಂಗಿಬಿಟ್ಟೆ. ಎದುರಿಗಿದ್ದ ಗಿರಿಜೆಯ ಗೆಳತಿಯರು ಊಟ ನಿಲ್ಲಿಸಿ ನನ್ನ ಗಂಟಲನ್ನೇ ನೋಡಿದರು. ಅವರಲ್ಲೊಬ್ಬಳು "ಪೋಲೆ" ಎಂದಳು. ಯಾರು ಎಡವಿದರೂ, ಕೆಮ್ಮಿದರೂ, ದಣಿದು ಬಂದರೂ ಅಲ್ಲಿ "ಪೋಲೆ" ಎನ್ನುತ್ತಾರೆ. ತಪ್ಪು ತಮ್ಮದಲ್ಲದಿದ್ದರೂ, ನಿನಗೆ ಹೀಗಾಯಿತಲ್ಲ ಎಂಬ ಮರುಕ. ಈ ಒಂದು ಮಾತಿಗೆ ಸರಿಯಾದ ಕನ್ನಡ ಹುಡುಕುತ್ತ ನಾನು ಬಹಳ ಹೊತ್ತು ಕಳೆದಿದ್ದೇನೆ.

ಮಚಾಕೋಸ್ ಬೆಟ್ಟಗಳ ಕೆಳಗಿನ ಊರು. ಹೆದ್ದಾರಿಯಲ್ಲಿ ಬರುವಾಗ ಕಿಟಕಿಯಾಚೆ ಕತ್ತಾಳೆ ಬೇಲಿ, ಜಾಲಿ, ಬಂಡೆಗುಂಡು ಕಂಡವು. ಕಣ್ಣು ಅರೆಮುಚ್ಚಿದರೆ ಐಮಂಗಲ ದಾಟುತ್ತಿದ್ದೇವೆ ಎನ್ನಬಹುದು. ಹೊಳೆಗಳಲ್ಲಿ ನೀರಿಲ್ಲ, ಮರಳಿದೆ, ಬೇಸಿಗೆಯ ವೇದಾವತಿಯಂತೆ. ಹೆಂಗಸರು ಆ ಮರಳಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ಬಟ್ಟಲಲ್ಲಿ ಮೊಗೆದು ಹಳದಿ ಕ್ಯಾನಿಗೆ ತುಂಬುತ್ತಾರೆ. ಬೋರ್‌ವೆಲ್ಲಿನವನು ಇಲ್ಲಿ ಏಕೆ ಉಳಿದ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಗಿರಿಜೆಯ ಅಂಗಡಿ

ಗಿರಿಜೆ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆ ಕೊಡಲು ಬಂದ ತಾಯಂದಿರು ಅಳತೆ ಮುಗಿದ ಮೇಲೂ ಏಳುವುದಿಲ್ಲ. ಬಂದ ಕೂಡಲೇ ಯಾರೂ ವಿಷಯಕ್ಕೆ ಬರುವುದೂ ಇಲ್ಲ. ಬೆಳಗಿನ ಸುದ್ದಿ ಏನು, ಮನೆಯ ಸುದ್ದಿ ಏನು, ಮಕ್ಕಳ ಸುದ್ದಿ ಏನು, ಮಳೆಯ ಸುದ್ದಿ ಏನು. ಪ್ರತಿ ಪ್ರಶ್ನೆಗೂ "ಒಳ್ಳೆಯದು" ಎಂಬ ಉತ್ತರ ಬರುತ್ತದೆ, ಮನೆಯಲ್ಲಿ ಜ್ವರವಿದ್ದರೂ. ಜ್ವರದ ವಿಷಯ ಆಮೇಲೆ ಬರುತ್ತದೆ. ನಮ್ಮೂರಿನಲ್ಲಿ "ಊಟ ಆಯ್ತಾ" ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಇವರು ನಿಧಾನವಾಗಿ ಸುತ್ತಿ ಬರುತ್ತಾರೆ. ಗಿರಿಜೆ ಕತ್ತರಿ ಆಡಿಸುತ್ತಲೇ ಎಲ್ಲದಕ್ಕೂ ಉತ್ತರಿಸುತ್ತಿದ್ದಳು. ಅವಳ ದನಿಯೂ ಬೇರೆಯಾಗುತ್ತಿತ್ತು. ಐಮಂಗಲದ ಹುಡುಗಿಗೆ ಇಷ್ಟು ಮೆತ್ತಗಿನ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಬರುತ್ತಿದ್ದರು. ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಸ್ವಾಹಿಲಿ ತಿದ್ದುವುದು, ನಾನು ಪೌರನೀತಿ ತುಂಬುವುದು ಎಂದು ಪಾಲಾಯಿತು. ಆ ಭಾಷೆಯಲ್ಲಿ ನನಗೆ ಗುರುತಿನವರು ಹಲವರು ಸಿಕ್ಕರು. ವಕೀಲನಿಗೆ ವಕೀಲಿ, ಲೆಕ್ಕಕ್ಕೆ ಹೆಸಾಬು, ಸೋಪಿಗೆ ಸಾಬುನಿ. ದುರ್ಗದ ಸಂತೆಪೇಟೆಯಲ್ಲಿ ಕೇಳಿದ ಮಾತುಗಳೇ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು "ರಾಯಿಯ". ಹಾಗೆಂದರೆ ಪ್ರಜೆ. ನಮ್ಮ ರೈತನೂ ಅವರ ಪ್ರಜೆಯೂ ಒಂದೇ ಅರಬ್ಬಿ ಮಾತಿನ ಮಕ್ಕಳು. ಆ ಮಾತು ಹಡಗು ಹತ್ತಿ ಅಲ್ಲಿಗೆ ಹೋಗಿ ಪ್ರಜೆಯಾಯಿತು, ಇಲ್ಲಿಗೆ ಬಂದು ನೇಗಿಲು ಹಿಡಿಯಿತು.

ಪೌರನೀತಿಯಲ್ಲಿ ತಮ್ಮ ನನ್ನ ನಿರೀಕ್ಷೆ ಮೀರಿ ಕಲಿತ. ಬಾವುಟದ ಕಪ್ಪು ಜನರದು, ಕೆಂಪು ಹೋರಾಟದ ರಕ್ತದ್ದು, ಹಸಿರು ನೆಲದ್ದು, ಬಿಳಿ ಶಾಂತಿಯದು. ಕೌಂಟಿಗಳು ನಲವತ್ತೇಳು. ಒಂದು ಸಂಜೆ ಗಿರಿಜೆ, ನಮ್ಮ ಕರ್ನಾಟಕದಲ್ಲಿ ಈಗ ಎಷ್ಟು ಜಿಲ್ಲೆ ಎಂದು ಸುಮ್ಮನೆ ಕೇಳಿದಳು. ಹೊಸದಾದ ವಿಜಯನಗರ ಸೇರಿಸಿ ಹೇಳಬೇಕೋ ಬಿಟ್ಟು ಹೇಳಬೇಕೋ ಎಂದು ಒಂದು ಕ್ಷಣ ತಡವರಿಸಿದೆ. ತಡವರಿಸಿದರೂ ನನ್ನ ಪೌರತ್ವಕ್ಕೆ ಏನೂ ಆಗಲಿಲ್ಲ. ಹೊಸದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದೆ ಎಂಬ ಒಂದೇ ಅರ್ಹತೆಯ ಮೇಲೆ ಇಷ್ಟು ವರ್ಷ ಭಾರತೀಯಳಾಗಿದ್ದೇನೆ. ಅದರಲ್ಲಿ ನನ್ನ ಪ್ರಯತ್ನ ಏನೂ ಇರಲಿಲ್ಲ.

ಮ್ವಾಲಿಮುವಿಗೆ ಸಮಾಧಾನವಿರಲಿಲ್ಲ. ತಿಪ್ಪೇಸ್ವಾಮಿ ಸ್ವಾಹಿಲಿಯನ್ನು ಸರಾಗವಾಗಿ, ಗಟ್ಟಿಯಾಗಿ ಆಡುತ್ತಿದ್ದ. ಆದರೆ ಅದು ಪೂರ್ತಿ ರಿಗ್ಗಿನ ಪಕ್ಕ ಕಲಿತ ಭಾಷೆ. ಲೇಟಾ, ತಾ. ಶಿಕಾ, ಹಿಡಿ. ವಾಚಾ, ಬಿಡು. ಹರಾಕಾ, ಬೇಗ. "ನಾವೊಂಬಾ", ಅಂದರೆ "ಕೇಳಿಕೊಳ್ಳುತ್ತೇನೆ", ಎಂದು ಮಾತು ಶುರುಮಾಡು ಅಂತ ಅವರು ದಿನವೂ ಹೇಳುತ್ತಿದ್ದರು. ಅದು ಪುಸ್ತಕದ ಭಾಷೆ, ಕಂಪ್ರೆಸರ್ ಸದ್ದಿನಲ್ಲಿ ಕೇಳಿಸಲ್ಲ ಎಂದು ಅವನು ನಗುತ್ತಿದ್ದ. ಎಲ್ಲರೂ ನಗುತ್ತಿದ್ದೆವು.

ನೈರೋಬಿಯ ಕಚೇರಿ

ಸಂದರ್ಶನಕ್ಕೆ ಗಂಡ ಹೆಂಡತಿಯನ್ನು ಒಟ್ಟಿಗೇ ಒಳಗೆ ಕರೆದರು. ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಪಕ್ಕದಲ್ಲಿ ಒಬ್ಬ ಗುಜರಾತಿ ಮುದುಕರಿದ್ದರು. ಹುಟ್ಟಿದ್ದು ಅದೇ ಊರಂತೆ. ಅವರ ತಂದೆ ಯಾವುದೋ ಕಾಲದಲ್ಲಿ ಮಾಡಿಸಬೇಕಾದ ಕಾಗದ ಮಾಡಿಸದೆ ಬಿಟ್ಟದ್ದರಿಂದ ಈಗ ಎಪ್ಪತ್ತರ ಮೇಲೆ ಪರೀಕ್ಷೆಗೆ ಬಂದಿದ್ದರು. ತುಟಿಯಲ್ಲೇ ರಾಷ್ಟ್ರಗೀತೆ ಹೇಳಿಕೊಳ್ಳುತ್ತಿದ್ದರು. ನನ್ನನ್ನೂ ಅಭ್ಯರ್ಥಿ ಎಂದುಕೊಂಡು, ಹೆದರಬೇಡ ತಂಗಿ ಎಂದು ಹಿಂದಿಯಲ್ಲಿ ಧೈರ್ಯ ಹೇಳಿದರು.

ಒಳಗೆ ನಡೆದದ್ದನ್ನು ಗಿರಿಜೆ ಆಮೇಲೆ ಹೇಳಿದಳು. ಕೇಳುವವರಲ್ಲಿ ಹಿರಿಯರು ನನ್ನ ವಯಸ್ಸಿನ ಒಬ್ಬ ಹೆಂಗಸು. ಮೊದಲು ತಿಪ್ಪೇಸ್ವಾಮಿಯನ್ನು ಕೇಳಿದರು. ಕೌಂಟಿ, ಬಾವುಟ, ಸಂವಿಧಾನ, ಮತದಾನದ ವಯಸ್ಸು, ಯಾವುದೂ ತಪ್ಪಲಿಲ್ಲ. ಅಷ್ಟರ ಮಟ್ಟಿಗೆ ನಾನೂ ಪಾಸಾದೆ. ನಡುವೆ ಅವನ ಗಂಟಲು ಒಣಗಿತು. ಆ ಹಿರಿಯ ಹೆಂಗಸು ತಮ್ಮ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುತ್ತಿದ್ದರು. ಇವನು ಕೈ ಚಾಚಿ "ಲೇಟಾ ಮಾಜಿ" ಎಂದುಬಿಟ್ಟ. ನೀರು ತಾ.

ಅವರು ಲೋಟವನ್ನು ಅವನ ಕಡೆ ತಳ್ಳಿದರು. ಕುಡಿದು ಮುಗಿಸುವ ತನಕ ಕಾದು, ಸ್ವಾಹಿಲಿ ಯಾರ ಹತ್ತಿರ ಕಲಿತಿರಿ ಎಂದು ಕೇಳಿದರು. ಕೆಲಸದ ಹತ್ತಿರ ಎಂದ ಇವನು. ಗೊತ್ತಾಗುತ್ತದೆ ಎಂದರು ಅವರು. ಆಮೇಲೆ ನೆರೆಯವರ ಬಗ್ಗೆ, ಊರಿನ ಸಭೆಯ ಬಗ್ಗೆ ಏನೇನೋ ಮಾತಿಗೆಳೆದರು. ತಿಪ್ಪೇಸ್ವಾಮಿ ಹೌದು, ಇಲ್ಲ ಎಂದಷ್ಟೇ ಹೇಳಿದ. ಅವನ ಬಳಿ ಇದ್ದ ಮಾತೆಲ್ಲ ಯಾರಿಗೋ ಏನೋ ಮಾಡು ಎಂದು ಹೇಳುವಂಥದ್ದು.

ಗಿರಿಜೆಯನ್ನು, ಪಕ್ಕದ ಮನೆಯಲ್ಲಿ ಕಾಯಿಲೆ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ತಮ್ಮ ಓಣಿಯ ಮಹಿಳಾ ಸಂಘದವರು ಹಿಟ್ಟು, ಸಕ್ಕರೆ ಒಯ್ಯುವುದನ್ನೂ, ಸರದಿಯ ಮೇಲೆ ಹೋಗಿ ಕೂರುವುದನ್ನೂ ಇವಳು ಹೇಳಿದಳು. ಒಂದು ಕಡೆ ಸ್ವಾಹಿಲಿ ಸಾಲದೆ ಅಲ್ಲಿನ ಕಾಂಬಾ ನುಡಿಗೆ ಹೊರಳಿದಳಂತೆ. ಪದ ಸಿಗದಾಗ ಕ್ಷಮೆ ಕೇಳಿದಳು. ಕೌಂಟಿಗಳ ಸಂಖ್ಯೆಯನ್ನು ತಪ್ಪು ಹೇಳಿದಳು. ಕೊನೆಗೆ ಹಿರಿಯರು, ನಿಮ್ಮದನ್ನು ಶಿಫಾರಸು ಮಾಡುತ್ತೇವೆ, ಯಜಮಾನರು ಕೆಲವು ತಿಂಗಳು ಬಿಟ್ಟು ಮತ್ತೆ ಬರಲಿ ಎಂದರು.

ವಾಪಸು ದಾರಿಯಲ್ಲಿ ಗಾಡಿ ಓಡಿಸಿದ್ದು ತಮ್ಮನೇ. ಮುಂದಿನ ವ್ಯಾನಿನವನು ಅಡ್ಡ ಬಂದರೂ ಬಯ್ಯಲಿಲ್ಲ.

ಮನೆಯಲ್ಲಿ

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವನು ವಿಷಯ ತೆಗೆದ. ಇಬ್ಬರೂ ಆದರೆ ಆಗಾಣ, ಒಬ್ಬರೇ ಬೇಡ ಎಂದ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಗಿರಿಜೆ ಪ್ರಮಾಣ ಮಾಡಿದರೆ ಅವಳ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಅವಳು ಒಂದು ದೇಶದವಳು, ಅವನು ಒಂದು ದೇಶದವನು ಆಗುತ್ತಾರೆ. ಊರಿನಲ್ಲಿ ಏನೆಂದುಕೊಳ್ಳುತ್ತಾರೆ ಎಂದ. ನಾಳೆ ಪರ್ಮಿಟ್ ತಪ್ಪಿ ತಾನು ಹಿರಿಯೂರಿಗೆ ಹೊರಡಬೇಕಾಗಿ ಬಂದರೆ ಅವಳು ಎಲ್ಲಿರುತ್ತಾಳೆ ಎಂದ.

ಗಿರಿಜೆ ಚಹಾದ ಲೋಟ ಕೆಳಗಿಟ್ಟಳು. "ಪರ್ಮಿಟ್ ತಪ್ಪಬಾರದು ಅಂತಲೇ ಅಲ್ಲವೇನ್ರಿ ನಾವು ಅರ್ಜಿ ಹಾಕಿದ್ದು? ಮನೇಲಿ ಒಬ್ಬರಾದ್ರೂ ಇಲ್ಲಿಯವರಾದ್ರೆ ಮಗಳಿಗೆ ಒಂದು ಬುಡ ಇರುತ್ತೆ. ನಾನು ಆಗ್ತೀನಿ."

ಅವಳಿಗೆ ಇದು ಸುಲಭವಾಗಿರಲಿಲ್ಲ. ಹಿಂದಿನ ದಿನ ಐಮಂಗಲದಿಂದ ಅವಳ ತಾಯಿ ಫೋನಿನಲ್ಲಿ ಕೇಳಿದ್ದು ನನಗೂ ಕೇಳಿಸಿತ್ತು: "ಹಂಗಾದ್ರೆ ಇನ್ನ ಮೇಲೆ ನಮ್ಮನೆಗೆ ಬರಾಕೆ ಯಾರನ್ನಾರ ಕೇಳಬೇಕೇನೇ?" ಕೇಳಬೇಕಾಗಬಹುದು ಎಂದು ಗಿರಿಜೆ ಸತ್ಯವನ್ನೇ ಹೇಳಿದ್ದಳು. ಆಮೇಲೆ ಬಹಳ ಹೊತ್ತು ಮಿಷನ್ ತುಳಿದಿರಲಿಲ್ಲ.

ತಮ್ಮ ನನ್ನ ಕಡೆ ನೋಡಿದ. ಅಕ್ಕ ತನ್ನ ಪರ ಮಾತಾಡುತ್ತಾಳೆ ಎಂದು ಅವನು ನಂಬಿದ್ದ. ನನಗೂ ಅವನ ಸಂಕಟ ಕಾಣುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದ ದೇಶ ಅವನನ್ನು ಮತ್ತೆ ಬಾ ಎಂದು ಕಳಿಸಿತ್ತು. ಆದರೂ ನನ್ನ ಬಾಯಲ್ಲಿ ಬಂದದ್ದು ಬೇರೆ.

"ತಿಪ್ಪೇಶಿ, ಫೇಲಾದವನಿಗೋಸ್ಕರ ಪಾಸಾದವಳನ್ನ ಅದೇ ಕ್ಲಾಸಲ್ಲಿ ಕೂರಿಸೋ ಪದ್ಧತಿ ನಮ್ಮ ಸ್ಕೂಲಲ್ಲಿ ಇರಲಿಲ್ಲ ಕಣಪ್ಪ."

ಅವನು ಎದ್ದು ಹೊರಗೆ ಹೋದ. ಎರಡು ದಿನ ನನ್ನೊಡನೆ ಮಾತು ಬಿಟ್ಟ.

ಕಿಟುಯಿ ಕಡೆಯ ಹಳ್ಳಿ

ಮೂರನೆಯ ದಿನ ಅವನೇ ಬಂದು, ಬೋರ್ ಹಾಕೋದು ನೋಡೋಕೆ ಬರ್ತೀಯಾ ಎಂದ. ಅದು ರಾಜಿ ಎಂದು ತಿಳಿದು ಹೊರಟೆ.

ಆ ಹಳ್ಳಿ ಮಚಾಕೋಸ್‌ಗಿಂತ ಒಣಗಿದ್ದು. ರಿಗ್ ಮುಂದೆ ತೆಂಗಿನಕಾಯಿ ಒಡೆದು ಊದುಬತ್ತಿ ಹಚ್ಚಿದರು. ಕಾಯಿ ಒಡೆದವನು ತಮ್ಮನಲ್ಲ, ಅವನ ಹಳೆಯ ಆಪರೇಟರ್ ಮುಟುವಾ. ಅವನು ಚರ್ಚಿಗೆ ಹೋಗುವವನು. ಕಾಯಿ ಒಡೆದ ಮೇಲೆ ಕಣ್ಣು ಮುಚ್ಚಿ ತನ್ನ ಪ್ರಾರ್ಥನೆಯನ್ನೂ ಮಾಡಿದ. ಯಾರಿಗೂ ಅದು ವಿಚಿತ್ರವೆನಿಸಿದಂತೆ ಕಾಣಲಿಲ್ಲ.

ಕೊರೆತ ಶುರುವಾಯಿತು. ತಮ್ಮ ಕೂಗುತ್ತಿದ್ದ: ಲೇಟಾ, ಶಿಕಾ, ವಾಚಾ. ಆಳುಗಳು ಓಡಾಡುತ್ತಿದ್ದರು. ಅವನು ಕೆಟ್ಟ ಯಜಮಾನನಲ್ಲ. ಅವರು ಹೆದರಿರಲಿಲ್ಲ, ನಗುತ್ತಲೂ ಇದ್ದರು. ಆದರೆ ಆ ಕಡೆಯಿಂದ ಈ ಕಡೆಗೆ ಮಾತು ಬರುತ್ತಿರಲಿಲ್ಲ. ಬೂದಿಯಂಥ ಧೂಳು ಮಧ್ಯಾಹ್ನದವರೆಗೂ ಎದ್ದಿತು. ಹಳ್ಳಿಯ ಹೆಂಗಸರು ಖಾಲಿ ಕ್ಯಾನುಗಳ ಮೇಲೆ ಕುಳಿತು ಕಾಯುತ್ತಿದ್ದರು. ಆಮೇಲೆ ಧೂಳು ಕೆಸರಾಯಿತು. ಕೆಸರು ತಿಳಿಯಾಗಿ, ಒಮ್ಮೆಲೇ ನೀರು ಮೇಲಕ್ಕೆ ಚಿಮ್ಮಿತು. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿ ಹಾಡತೊಡಗಿದರು. ಹಿರಿಯೂರಿನಲ್ಲಿ ನೀರು ಬಿದ್ದಾಗ ಜಮೀನಿನವನು ಒಬ್ಬನೇ ಅಳುವುದನ್ನು ನೋಡಿದ್ದೇನೆ. ಇಡೀ ಊರು ಹಾಡುವುದನ್ನು ನೋಡಿದ್ದು ಇಲ್ಲೇ.

ಒಬ್ಬ ಮುದುಕಿ ಕೋಲೂರಿಕೊಂಡು ತಿಪ್ಪೇಸ್ವಾಮಿಯ ಬಳಿ ಬಂದಳು. ಗ್ರೀಸು ಮೆತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಾಂಬಾ ನುಡಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಅವನು ತಲೆಯಾಡಿಸಿದ. ಆಮೇಲೆ ಕೈ ಬಿಡಿಸಿಕೊಂಡು ಕಂಪ್ರೆಸರ್ ಕಡೆ ತಿರುಗಿದ. ಅಲ್ಲಿ ನಾನು ನಿಂತಿದ್ದೆ.

"ಅಜ್ಜಿ ಏನಂದ್ಲೋ?" ಎಂದೆ.

"ಥ್ಯಾಂಕ್ಸ್ ಹೇಳಿರಬೇಕು."

"ಇರಬೇಕು ಅಂದ್ರೆ?"

ಅವನು ಕೈಯ ಗ್ರೀಸು ಒರೆಸಿಕೊಂಡ. "ಪ್ರತಿ ಊರಲ್ಲೂ ಯಾರಾದ್ರೊಬ್ಬರು ಹಿಂಗೆ ಬಂದು ಮಾತಾಡ್ತಾರೆ ಅಕ್ಕ. ನನಗೆ ಪೂರ್ತಿ ತಿಳಿಯಲ್ಲ. ಕೇಳೋಕೂ ಹೋಗಿಲ್ಲ."

ಮುದುಕಿ ಇನ್ನೂ ಅಲ್ಲೇ ನಿಂತಿದ್ದಳು, ಉತ್ತರಕ್ಕೆ ಕಾಯುವವರಂತೆ. ತಮ್ಮ ಮುಟುವಾನ ಹತ್ತಿರ ಹೋಗಿ, ಅವಳು ಏನು ಹೇಳಿದ್ದು ಎಂದು ಸ್ವಾಹಿಲಿಯಲ್ಲಿ ಕೇಳಿದ. ಅವನು ಆ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುಟುವಾಗೂ ಆಶ್ಚರ್ಯವಾಗಿರಬೇಕು. ಯಂತ್ರ ನಿಲ್ಲಿಸಿ ಕೆಳಗಿಳಿದು ಬಂದು ಮುದುಕಿಯನ್ನು ವಿಚಾರಿಸಿದ. ನಿನ್ನ ತಾಯಿಯ ಹೆಸರು ಕೇಳುತ್ತಿದ್ದಾಳೆ, ಹರಸಬೇಕಂತೆ ಎಂದ. ಮಗನನ್ನು ಹರಸುವಾಗ ಹೆತ್ತವಳ ಹೆಸರು ಗೊತ್ತಿಲ್ಲದೆ ಹೇಗೆ ಎನ್ನುತ್ತಿದ್ದಾಳೆ ಎಂದ.

ಅವ್ವ ತೀರಿಕೊಂಡಾಗ ತಿಪ್ಪೇಸ್ವಾಮಿ ಊರಿಗೆ ಬಂದಿರಲಿಲ್ಲ. ಪಾಸ್‌ಪೋರ್ಟು ಪರ್ಮಿಟ್ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ತೋರಿಸಿದೆವು. ಆಮೇಲೆ ಆ ವಿಷಯವನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

"ಕೆಂಚಮ್ಮ," ಎಂದ ಅವನು.

ಮುದುಕಿಗೆ ಆ ಹೆಸರು ಬಾಯಿಗೆ ಹತ್ತಲಿಲ್ಲ. ಅವನು ಇನ್ನೊಮ್ಮೆ ನಿಧಾನವಾಗಿ ಹೇಳಿದ. "ಕೆಂಜಾಮ" ಎಂದಳು ಅವಳು. ಅದನ್ನೇ ಹಿಡಿದು ಅವನ ಎದೆಯ ಮೇಲೆ ಅಂಗೈ ಇಟ್ಟು ಏನೇನೋ ಹೇಳಿದಳು. ಅದಿಷ್ಟೂ ಮುಗಿಯುವ ತನಕ ಅವನು ತಲೆ ತಗ್ಗಿಸಿ ನಿಂತಿದ್ದ. ನೀರು ಹರಿದು ನಮ್ಮೆಲ್ಲರ ಕಾಲ ಕೆಳಗೆ ಬಂದಿತ್ತು, ಯಾರೂ ಸರಿಯಲಿಲ್ಲ.

ದಾರಿಯಲ್ಲಿ ಬರುವಾಗ, "ಗಿರಿಜೆ ಆಗಲಿ ಬಿಡಕ್ಕ," ಎಂದ.

ಮತ್ತೆ ಹೊಳಲ್ಕೆರೆ

ನಾನು ಬಂದು ಕೆಲವು ತಿಂಗಳ ಮೇಲೆ ಗಿರಿಜೆ ಪ್ರಮಾಣ ಮಾಡಿದಳು. ಕಳಿಸಿದ ಫೋಟೋದಲ್ಲಿ ಇಳಕಲ್ ಸೀರೆ ಉಟ್ಟಿದ್ದಳು. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದಾಗ ಅದಕ್ಕೆ ರದ್ದು ಎಂದು ಮೊಹರು ಹೊಡೆದು ಅವಳ ಕೈಗೇ ವಾಪಸು ಕೊಟ್ಟರಂತೆ. ದೀಪಾವಳಿಗೆ ಅವಳು ಐಮಂಗಲಕ್ಕೆ ಬಂದಳು, ಅನುಮತಿ ಪಡೆದು. ಅವಳ ತಾಯಿ ಆ ಅನುಮತಿಯ ಕಾಗದ ತೋರಿಸು ಎಂದು ಕೇಳಿ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಎಷ್ಟು ದಿನ ಇರಬಹುದು ಅಂತ ಬರೆದಾರೆ?" ಎಂದಷ್ಟೇ ಕೇಳಿದರು.

ತಿಪ್ಪೇಸ್ವಾಮಿಯನ್ನು ಎರಡನೆಯ ಸಲ ಕರೆದದ್ದು ಹೋದ ವಾರ. ಸಂಜೆ ಫೋನು ಮಾಡಿದ. ಫಲಿತಾಂಶ ಇನ್ನೂ ಹೇಳಿಲ್ಲವಂತೆ. ಅದೇ ಹಿರಿಯ ಹೆಂಗಸು ಇದ್ದರಂತೆ. ನಾನು ಮೇಷ್ಟ್ರ ಚಾಳಿ ಬಿಡದೆ, ಏನೇನು ಪ್ರಶ್ನೆ ಬಂದವು, ಕೌಂಟಿ ಕೇಳಿದರಾ, ಬಾವುಟ ಕೇಳಿದರಾ ಎಂದೆ.

"ಅದ್ಯಾವುದೂ ಕೇಳಲಿಲ್ಲ," ಎಂದ. "ಕುಂತ ಮೇಲೆ ನಾನೇ ಅವರನ್ನ ಮಾತಾಡಿಸಿದೆ. ಮನೆ ಸುದ್ದಿ, ಮಕ್ಕಳ ಸುದ್ದಿ ಕೇಳಿದೆ. ಅವರ ಊರಲ್ಲೂ ಈ ಸಲ ಮಳೆ ಕಮ್ಮಿಯಂತೆ ಅಕ್ಕ."